ಡೆಸ್ಕ್‌ಟಾಪ್ ಎಂದರೆ ಪಡಸಾಲೆ

ನವೆಂಬರ್ 4, ಮಂಗಳವಾರ

ಬಸ್ಸು ಇವತ್ತೂ ತಡ. ದಾಸನಕೊಪ್ಪದಲ್ಲಿ ಇಳಿದು ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ಹೆಡ್‌ಮಾಸ್ಟರ್ ಚಂದ್ರಶೇಖರಪ್ಪ ಒಮ್ಮೆ ಗಡಿಯಾರ ನೋಡಿದರು, ಅಷ್ಟೆ. ಆಮೇಲೆ ಒಳಗೆ ಕರೆದು ಹೇಳಿದರು.

“ಮೇಡಂ, ಟ್ರಸ್ಟ್‌ನವ್ರು ಇಪ್ಪತ್ತೆಂಟಕ್ಕ ಬರ್ತಾರಂತ್ರಿ. ಹುಡುಗ್ರು ಏನಾರ ಮಾಡಿ ತೋರಿಸ್ಬೇಕು. ಇಲ್ಲಾಂದ್ರ ಎಂಟೂ ಕಂಪ್ಯೂಟರ್ ಕಟ್ಟಿಕೊಂಡು ವಜ್ರಳ್ಳಿ ಕಡೆ ಒಯ್ತಾರ. ಅಲ್ಲಿಯವ್ರು ಭಾಳ ದಿವಸದಿಂದ ಕೇಳಾಕತ್ತಾರಂತ.”

ಕಂಪ್ಯೂಟರ್ ಕೊಟ್ಟವರು ಅವರೇ. ಕಲಿಸಲು ನನ್ನನ್ನು ಕಳಿಸಿದವರೂ ಅವರೇ. ಅವು ಹೋದರೆ ನಾನೂ ಹೋದಂತೆ. ಆದರೆ ಆ ಕ್ಷಣಕ್ಕೆ ನನ್ನ ಬಗ್ಗೆ ಯೋಚನೆ ಬರಲಿಲ್ಲ — ನಿಜವಾಗಿಯೂ ಬರಲಿಲ್ಲವೇ? ಬಂದಿತ್ತು. ಎರಡನೆಯದಾಗಿ ಬಂದಿತ್ತು.

ಒಂಬತ್ತನೇ ಕ್ಲಾಸು. ಪಾಠ: ಡೆಸ್ಕ್‌ಟಾಪ್. ಏನೆಂದು ಕೇಳಿದೆ. ಎಲ್ಲರೂ ಒಂದೇ ದನಿಯಲ್ಲಿ, “ಗಣಕಯಂತ್ರದ ಪರದೆಯ ಮೇಲೆ ಗೋಚರಿಸುವ ಪ್ರಧಾನ ಕಾರ್ಯಕ್ಷೇತ್ರ.” ಹಾಗೆಂದರೆ? ಮತ್ತದೇ ವಾಕ್ಯ ಒಪ್ಪಿಸಿದರು. ತಪ್ಪು ಅವರದ್ದಲ್ಲ. ನನಗೇ ಆ ವಾಕ್ಯವನ್ನು ಎರಡು ಸಲ ಓದಬೇಕಾಗಿತ್ತು. ನಾನು ಇದೆಲ್ಲ ಕಲಿತದ್ದು ಇಂಗ್ಲಿಷಿನಲ್ಲಿ. ಡೆಸ್ಕ್‌ಟಾಪ್ ಅಂದರೆ ಡೆಸ್ಕ್‌ಟಾಪ್. ಅರ್ಥ ಬೇಕೆಂದು ಆಗ ಅನ್ನಿಸಿಯೇ ಇರಲಿಲ್ಲ.

ಪುಸ್ತಕ ಮುಚ್ಚಿಸಿದೆ. ಮನೆಯೊಳಗೆ ಕಾಲಿಟ್ಟರೆ ಮೊದಲು ಏನು ಕಾಣುತ್ತೆ ಅಂದೆ.

“ಪಡಸಾಲಿ ರೀ!”

ಇದೂ ಅದೇ. ಪಡಸಾಲೆ. ಒಳಗಿನ ಕೋಣೆ ಡಿ ಡ್ರೈವ್. ಸೇವ್ ಅಂದರೆ ಒಳಗೆ ಎತ್ತಿಡುವುದು. ಮುಖಗಳು ಅರಳಿದವು. ಇಪ್ಪತ್ತೆಂಟಕ್ಕೆ ಇದನ್ನೇ ಮಾಡೋಣ ಎಂದು ಅಲ್ಲೇ ಹೊಳೆಯಿತು. ಒಂದೊಂದು ಪದಕ್ಕೂ ಒಂದು ಸ್ಲೈಡು, ಅವರದೇ ಮಾತಿನಲ್ಲಿ ಅರ್ಥ, ಪೇಂಟ್‌ನಲ್ಲಿ ಅವರೇ ಬರೆದ ಚಿತ್ರ.

ಖುಷಿಯಾಯಿತು. ಬಸ್ಸಿನಲ್ಲಿ ಬರುವಾಗ ಸಣ್ಣ ಅನುಮಾನ. ಹೋಲಿಕೆ ಎಲ್ಲಿಯವರೆಗೆ ಸರಿ? ಎಲ್ಲಿಂದ ತಪ್ಪು?

ನವೆಂಬರ್ 7, ಶುಕ್ರವಾರ

ಹಗಲು ಕರೆಂಟಿಲ್ಲ, ಲೈನ್ ಕೆಲಸ ನಡೆದಿದೆಯಂತೆ. ಸಂಜೆ ಕ್ಲಾಸು. ಹೆಡ್‌ಮಾಸ್ಟರ್ ತಾವೇ ಕೂತಿರುತ್ತಾರೆ, ಮಕ್ಕಳನ್ನು ಮನೆ ಮುಟ್ಟಿಸಿ ಹೋಗುತ್ತಾರೆ. ಇದಕ್ಕೆ ಅವರಿಗೆ ಯಾರೂ ಏನೂ ಕೊಡುವುದಿಲ್ಲ.

ಹ್ಯಾಂಗ್ ಆಗುವುದು ಎಂದರೆ? ಶರಣ: “ಎತ್ತು ನಡು ಹೊಲದಾಗ ಮಕ್ಕೊಂಡಂಗ್ರಿ ಟೀಚರ್. ಹೊಡದ್ರೂ ಏಳಂಗಿಲ್ಲ, ಬೈದ್ರೂ ಏಳಂಗಿಲ್ಲ.” ಬರೆದುಕೊಳ್ಳಿ ಅಂದೆ.

ಪಾಸ್‌ವರ್ಡ್ — ಶಿವರಂಜನಿ. ಎರಡು ಜಡೆಯ, ಅಚ್ಚುಕಟ್ಟಿನ ಹುಡುಗಿ. ಕೀಬೋರ್ಡ್ ಮೇಲೆ ಬಟ್ಟೆ ಹೊದಿಸದೆ ಮನೆಗೆ ಹೋಗುವುದಿಲ್ಲ. “ರಾತ್ರಿ ಬಾಗ್ಲಾ ಬಡದು ‘ಯಜ್ಜೀ, ನಾನು’ ಅಂದ್ರ, ದನಿ ಕೇಳಿ ತಗೀತಾಳಲ್ರಿ, ಹಂಗ.”

ಶರಣ ಬಿಡುತ್ತಾನೆಯೇ? “ನಿನ್ನ ದನಿ ಊರಿಗೆಲ್ಲಾ ಕೇಳತೈತಿ. ಅದರಾಗ ಗುಟ್ಟು ಎಲ್ಲಿ ಬಂತು?”

“ಕೇಳಿದ್ರ ಏನಾತು? ನಿನಗ ಹಂಗ ಒದರಾಕ ಬರತೈತೇನು?”

ಕ್ಲಾಸೆಲ್ಲ ನಕ್ಕಿತು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು ಅನ್ನಿಸಿತು. ಬ್ಯಾಕಪ್‌ಗೆ ‘ಬಿತ್ತಲಿಕ್ಕೆ ತೆಗೆದಿಟ್ಟ ಬೀಜ’ ಎಂದು ಬರೆಸಿದೆವು. ಎಷ್ಟು ಸಲೀಸು ಇವರಿಗೆ!

ಎಲ್ಲ ಸ್ಲೈಡೂ ಒಂದನೇ ಮಶೀನಿನ ಡೆಸ್ಕ್‌ಟಾಪ್ ಮೇಲೇ ಇಡಿ, ಕಣ್ಣಿಗೆ ಕಾಣುತ್ತಿರಲಿ ಎಂದು ಹೇಳಿ ಬಂದೆ. ಶಿವರಂಜನಿಯನ್ನು ಲೀಡರ್ ಮಾಡಿದೆ.

ಶಿರಸಿಗೆ ಬಂದಾಗ ಕತ್ತಲು. ಇವರು — ಕಮಲಾಕರ — ಅನ್ನ ಮಾಡಿಟ್ಟಿದ್ದರು. ಪದಗಳನ್ನೆಲ್ಲ ಓದಿ ಹೇಳಿದೆ. ಅತ್ತೆಗೆ ಕೇಳುವ ಹಾಗೆ ಕೂಗಿದರು: “ಆಯೀ, ಕಾನ್ವೆಂಟಿನ ಕೂಸು ಕನ್ನಡ ನಿಘಂಟು ಮಾಡ್ತಾ ಇದ್ದು, ನೋಡಲೆ ಬಾ!”

ನಗಲಿ. ಮೈ ಸ್ವಲ್ಪ ಬಿಸಿ ಇದೆ.

ನವೆಂಬರ್ 17, ಸೋಮವಾರ

ಇವತ್ತು ಎದ್ದು ಕೂತೆ. ವೈರಲ್ ಅಂದರು ಡಾಕ್ಟರು. ಜ್ವರ ಬಿಟ್ಟರೂ ಕೈಯಲ್ಲಿ ಬಲವಿಲ್ಲ. ಇವರು ರಜೆ ಹಾಕಿ ಮನೆಯಲ್ಲೇ ಇದ್ದರು. ಗಂಜಿ, ಕಷಾಯ, ಮತ್ತೆ ಗಂಜಿ. “ಎಂತಕ್ಕೆ ಫೋನು ನೋಡ್ತೆ? ಕಂಪ್ಯೂಟರ್ ಎಲ್ಲಿಗೂ ಓಡಿ ಹೋಗ್ತಿಲ್ಲೆ” ಎಂದು ಬೈದು, ಆಮೇಲೆ ತಾವೇ ಚಾರ್ಜಿಗೆ ಹಾಕಿ ಕೈಗೆ ಕೊಟ್ಟರು.

ಹೆಡ್‌ಮಾಸ್ಟರ್ ದಿನಾ ಮೆಸೇಜ್ ಹಾಕುತ್ತಿದ್ದಾರೆ. ಮಕ್ಕಳು ತಾವಾಗಿಯೇ ಮುಂದುವರಿಸಿದ್ದಾರೆ. ಪದಗಳು ಮುಗಿಯುತ್ತ ಬಂದಿವೆಯಂತೆ. ನಾನಿಲ್ಲದೆ! ಹೆಮ್ಮೆಯೋ, ಸಣ್ಣ ಬೇಸರವೋ? ಎರಡೂ ಇದ್ದರೆ ಇರಲಿ.

ನವೆಂಬರ್ 20, ಗುರುವಾರ
ಬೆಳಿಗ್ಗೆ, ಶಾಲೆಯಲ್ಲಿ

ಒಂದನೇ ಮಶೀನ್ ಹಾಕಿದೆ. ಡೆಸ್ಕ್‌ಟಾಪ್ ಖಾಲಿ. ಬೆಟ್ಟದ ಚಿತ್ರವೊಂದು ಬಿಟ್ಟರೆ ಏನೂ ಇಲ್ಲ. ಸ್ಲೈಡ್ ಇಲ್ಲ, ಚಿತ್ರ ಇಲ್ಲ. ಮೌಸ್ ಹಿಡಿಯುವಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಎಂದೋ ಸತ್ತಿದೆ. ಇನ್ನು ಸಂಜೆಯವರೆಗೆ ಇಲ್ಲ.

ಪೆನ್‌ಡ್ರೈವಿಗೆ ಹಾಕಿಕೊಂಡಿರಲಿಲ್ಲ. ಬೀಜ ತೆಗೆದಿಡಬೇಕೆಂದು ಬರೆಸಿದವಳು ನಾನೇ.

ಮಧ್ಯಾಹ್ನ

ಹೆಡ್‌ಮಾಸ್ಟರಿಗೆ ಹೇಳದೆ ಇರಲಾಗಲಿಲ್ಲ. ಕೇಳಿ ಖುರ್ಚಿಯಲ್ಲಿ ಕೂತುಬಿಟ್ಟರು. ಇಬ್ಬರೂ ಕ್ಲಾಸಿಗೆ ಹೋದೆವು. ಯಾರು ಮುಟ್ಟಿದ್ದು? ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಶಿವರಂಜನಿ ಎದ್ದು ನಿಂತಳು. ಭಯವೇ ಇರಲಿಲ್ಲ ಮುಖದಲ್ಲಿ.

“ನಾನ ಗುಡಿಸೀನ್ರಿ ಟೀಚರ್. ನಿನ್ನೆ ಸಂಜಿಕ.”

“ಗುಡಿಸಿದ್ದು ಅಂದ್ರೆ?”

“ಪಡಸಾಲಿ ಅಂದಿದ್ರಲ್ರಿ. ನಾಳೆ ನೀವು ಬರೋರು, ಮುಂದ ಮಂದಿ ಬರೋರು. ಎಲ್ಲಾ ಸೇವ್ ಮಾಡಿ ಒಳಗ ಇಟ್ಟೀವಿ. ಹೊರಗ ಉಳದದ್ದು ಖಾಲಿ ಚೀಲ ಅಂತ ತಿಳದ್ನಿ. ದೀಪ ಹಚ್ಚೋದ್ರೊಳಗ ಎಲ್ಲಾ ಬಳದು ಕಸದ ಬುಟ್ಟಿಗೆ ಹಾಕಿದ್ನಿ.”

ಶರಣ ಹಣೆ ಬಡಿದುಕೊಂಡ. “ಚೀಲ ಅಲ್ಲಲೇ! ಕಾಳಽ ಅದು!”

ಆಗ ಅವಳಿಗೆ ಅರ್ಥವಾಯಿತು. ಮುಖ ಬಿಳಿಚಿತು.

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಪಡಸಾಲೆ ನನ್ನ ಮಾತು. ಒಳಗೆ ಎತ್ತಿಡುವುದು ನನ್ನ ಮಾತು. ಅವಳು ಅವೆರಡನ್ನೂ ನಂಬಿ, ಮನೆಯಲ್ಲಿ ದಿನಾ ಮಾಡುವುದನ್ನೇ ಮಾಡಿದ್ದಳು. ಮೆಲ್ಲಗೆ ಕೇಳಿದೆ, “ಬುಟ್ಟಿ ಖಾಲಿ ಮಾಡಿದೆಯಾ?”

“ಇಲ್ರಿ...”

“ಸರಿಯಾಗಿ ನೆನಪು ಮಾಡಿಕೋ.”

“ಇಲ್ರಿ ಟೀಚರ್. ಅಷ್ಟೊತ್ತಿಗೆ ಸರ್ ಲೈಟ್ ಹಾಕಿದ್ರು. ದೀಪ ಹಚ್ಚಿದ ಮ್ಯಾಲ ಕಸ ಹೊರಗ ಚೆಲ್ಲಬಾರ್ದಲ್ರಿ, ಲಕ್ಷ್ಮಿ ಹೋಗ್ತಾಳ. ಮೂಲ್ಯಾಗ ಬಿಟ್ಟು, ಮುಂಜಾನಿ ಬಂದು ಚೆಲ್ಲಿದ್ರಾತು ಅಂತ...”

“ಮುಂಜಾನೆ?”

“ನಾ ಬರೋದ್ರೊಳಗ ಕೋಣಿ ಕೀಲಿ ನೀವು ತಗೊಂಡಿದ್ರಿ.”

ಹೆಡ್‌ಮಾಸ್ಟರ್ ನನ್ನ ಕಡೆ ತಿರುಗಿದರು. “ಅಂದ್ರ ಅದಾವೇನ್ರಿ ಮೇಡಂ?”

“ಇರಬೇಕು ಸರ್.” ಇರಬೇಕು ಅನ್ನುವುದಕ್ಕಿಂತ ಹೆಚ್ಚು ಹೇಳಲು ಧೈರ್ಯವಾಗಲಿಲ್ಲ.

ಸಂಜೆ

ಕರೆಂಟ್ ಬಂತು. ಇಡೀ ಕ್ಲಾಸು ನನ್ನ ಬೆನ್ನ ಹಿಂದೆ. ರೀಸೈಕಲ್ ಬಿನ್, ಅದೇ ಅವಳ ಕಸದ ಬುಟ್ಟಿ, ತೆರೆದೆ. ಅಲ್ಲಿದ್ದವು — ಹ್ಯಾಂಗ್, ಪಾಸ್‌ವರ್ಡ್, ಶರಣನ ಎತ್ತು, ಎಲ್ಲವೂ. ರೀಸ್ಟೋರ್. ಒಂದೊಂದಾಗಿ ಬೆಟ್ಟದ ಮೇಲೆ ಬಂದು ಕೂತವು. ಮಕ್ಕಳ ಕೂಗಿಗೆ ಅಡುಗೆಯ ಪಾರ್ವತವ್ವ ತೊಳೆಯುತ್ತಿದ್ದ ಸೌಟು ಹಿಡಿದೇ ಓಡಿ ಬಂದರು. ಕಣ್ಣು ಒರೆಸಿಕೊಂಡೆ, ಜ್ವರದ ನೆಪ ಇತ್ತು.

ಎರಡು ಪೆನ್‌ಡ್ರೈವಿಗೆ ಹಾಕಿದೆ. ಶಿವರಂಜನಿ ಮಾತ್ರ ಹತ್ತಿರ ಬರಲಿಲ್ಲ. ಕಿಟಕಿಯ ಹತ್ತಿರ ಬಟ್ಟೆ ಮಡಚುತ್ತ ನಿಂತಿದ್ದಳು.

ನವೆಂಬರ್ 24, ಸೋಮವಾರ

ಹೆಡ್‌ಮಾಸ್ಟರ್: “ಶುಕ್ರವಾರ ಶಿವರಂಜನಿ ಸುಮ್ಮನ ಕುಂತ್ರ ಸಾಕ್ರಿ. ಬ್ಯಾರೆಯವ್ರು ಮಾತಾಡ್ಲಿ. ಮತ್ತ ಏನಾರ ಆಗೋದು ಬ್ಯಾಡ.”

ಹೂಂ ಅಂದುಬಿಟ್ಟೆ. ನನಗೂ ಕಂಪ್ಯೂಟರ್ ಉಳಿಯಬೇಕು. ಎಂಟು ಮಶೀನು, ಇಷ್ಟೂ ಮಕ್ಕಳು, ಎದುರಿಗೆ ಒಬ್ಬಳು ಹುಡುಗಿಯ ಒಂದು ದಿನದ ಬೇಸರ. ಲೆಕ್ಕ ಸರಿಯಾಗಿಯೇ ಇದೆ. ಆದರೂ ಊಟ ಸೇರಲಿಲ್ಲ.

ಇವರು ಕೇಳಿದರು. ಹೇಳಿದೆ. “ನೀ ಹೇಳಿದ್ದನ್ನ ಪೂರ್ತಿ ನಂಬಿದ್ದು ಆ ಕೂಸೊಂದೇ ಅಲ್ದನೇ?” ಅಂದರು. ಎದ್ದು ಬಟ್ಟಲು ತೊಳೆಯಲು ಹೋದರು.

ನವೆಂಬರ್ 25, ಮಂಗಳವಾರ

ಹೆಡ್‌ಮಾಸ್ಟರ್ ಕೋಣೆಗೆ ಹೋಗಿ ನಿನ್ನೆಯ ಹೂಂ ವಾಪಸು ತೆಗೆದುಕೊಂಡೆ. ಡೆಸ್ಕ್‌ಟಾಪ್ ಸ್ಲೈಡನ್ನು ಶಿವರಂಜನಿಯೇ ಹೇಳಲಿ ಅಂದೆ. ಅವರು ಬಹಳ ಹೊತ್ತು ಪೇಪರ್ ವೇಟ್ ತಿರುಗಿಸಿದರು.

“ನೀವು ಹೊಣಿ ಆಗ್ತೀರೇನ್ರಿ?”

“ಆಗ್ತೀನಿ ಸರ್.”

“ಒಬ್ರ ಯಾಕ ಆಗ್ತೀರಿ ಬಿಡ್ರಿ. ಲೈಟ್ ಹಾಕಿದಾಂವ ನಾನಽ ಅಲ್ಲೇನು?” ನಕ್ಕರು. ಈ ಮನುಷ್ಯನಿಗೆ ನಾನು ಎಷ್ಟು ಋಣಿ ಎಂದು ಯಾವತ್ತಾದರೂ ಹೇಳಬೇಕು. ಇಂಗ್ಲಿಷಿನಲ್ಲಾದರೆ ಥ್ಯಾಂಕ್ಸ್ ಎಂದು ಮುಗಿಸಬಹುದಿತ್ತು.

ಶಿವರಂಜನಿಗೆ ಹೇಳಿದೆ. “ನಾ ಒಲ್ಲೆ ರೀ” ಅಂದಳು. ಇನ್ನೊಮ್ಮೆ ಹೇಳಲಿಲ್ಲ. ಸಂಜೆ ನೋಡಿದರೆ ಆ ಸ್ಲೈಡನ್ನು ತೆರೆದು ಕೂತಿದ್ದಳು.

ನವೆಂಬರ್ 28, ಶುಕ್ರವಾರ

ಬಂದು ಹೋದರು. ಟ್ರಸ್ಟಿನ ಮಮತಾ ಮೇಡಂ, ಜೊತೆಗೆ ಇಬ್ಬರು. ಮಮತಾ ಹೆಚ್ಚು ಮಾತಾಡುವವರಲ್ಲ. ಎತ್ತಿಗೆ ನಗಲಿಲ್ಲ. ಬೀಜಕ್ಕೆ ತಲೆದೂಗಲಿಲ್ಲ. ಹೆಡ್‌ಮಾಸ್ಟರ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಲೇ ಇದ್ದರು.

ಶಿವರಂಜನಿಯ ಸರದಿ. ಸ್ಲೈಡ್ ಓದಿದಳು. ಮಮತಾ ಕೇಳಿದರು, “ಇದನ್ನೆಲ್ಲ ಮಾಡುವಾಗ ನಿನಗೆ ಯಾವುದು ಕಷ್ಟ ಆಯ್ತು?”

ಏನಾದರೊಂದು ಹೇಳಬಹುದಿತ್ತು. ಕನ್ನಡ ಟೈಪಿಂಗ್ ಅನ್ನಬಹುದಿತ್ತು.

“ಡಿಲೀಟ್ ರೀ. ಎಲ್ಲಾ ನಾನಽ ಡಿಲೀಟ್ ಮಾಡಿದ್ನಿ.”

ಪೂರ್ತಿ ಹೇಳಿದಳು. ಖಾಲಿ ಚೀಲ, ದೀಪ, ಕಸದ ಬುಟ್ಟಿ. ಒಂದನ್ನೂ ಬಿಡಲಿಲ್ಲ. ಹೆಡ್‌ಮಾಸ್ಟರ್ ಕಿಟಕಿಯ ಆಚೆ ನೋಡುತ್ತಿದ್ದರು. ನಾನು ನೆಲ ನೋಡುತ್ತಿದ್ದೆ.

“ಹಾಗಾದರೆ ಈಗ? ಡೆಸ್ಕ್‌ಟಾಪ್ ಪಡಸಾಲೆ ಅಲ್ಲವಾ?”

“ಪಡಸಾಲಿನಽ ರೀ.” ಪರದೆಯ ಕಡೆ ತಿರುಗಿದಳು. “ಆದ್ರ ನಮ್ಮನಿದಲ್ಲ, ಬೀಗರ ಮನೀದು. ಕೇಳ್ದಽ ಗುಡಿಸಬಾರ್ದು.”

ಮಮತಾ ಜೋರಾಗಿ ನಕ್ಕರು. ಮಕ್ಕಳೂ ನಕ್ಕರು. ಅವಳು ನಗಲಿಲ್ಲ.

ಹೋಗುವಾಗ ಇಷ್ಟೇ: “ತಿಳಿಸ್ತೀವಿ ಸರ್.”

ಡಿಸೆಂಬರ್ 2, ಮಂಗಳವಾರ

ಸುದ್ದಿ ಇಲ್ಲ. ಶಿವರಂಜನಿ ದಿನಾ ಬಾಗಿಲಲ್ಲಿ ನಿಂತು “ಬಂತೇನ್ರಿ?” ಅನ್ನುತ್ತಾಳೆ. ಇಲ್ಲ ಅಂದರೆ ಹೋಗಿ ಕೂರುತ್ತಾಳೆ. ಇವತ್ತು ಕೇಳಿದಳು, “ನಾ ಹೇಳಬಾರ್ದಿತ್ತೇನ್ರಿ ಟೀಚರ್?”

ಹೇಳಿದ್ದು ಸರಿ ಅಂದೆ. ಕಂಪ್ಯೂಟರ್ ಹೋದರೂ ಸರಿಯೇ? ಅವಳು ಅದನ್ನು ಕೇಳಲಿಲ್ಲ. ಕೇಳಿದ್ದರೆ... ಆಗಲೂ ಹೌದು ಅನ್ನುತ್ತಿದ್ದೆ ಅಂದುಕೊಂಡಿದ್ದೇನೆ. ಗೊತ್ತಿಲ್ಲ.

ಡಿಸೆಂಬರ್ 4, ಗುರುವಾರ
ಶಾಲೆಯಲ್ಲಿ, ಮಕ್ಕಳು ಬರುವ ಮೊದಲು

ಹೆಡ್‌ಮಾಸ್ಟರ್ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದುಬಿಟ್ಟರು. ಚಪ್ಪಲಿ ಹೊರಗೆ ಬಿಡಬೇಕೆಂಬುದು ಅವರೇ ಮಾಡಿದ ನಿಯಮ. ಕೈಯಲ್ಲಿ ಫೋನು.

“ಉಳದ್ವು ರೀ ಮೇಡಂ! ಇಲ್ಲೇ ಇರ್ತಾವ! ವಜ್ರಳ್ಳಿಗೆ ಬ್ಯಾರೆ ಕೊಡಸ್ತಾರಂತ. ನಮ್ಮ ಹುಡುಗ್ರ ಸ್ಲೈಡೂ ಅವ್ರಿಗೆ ಕಳಸ್ರಿ ಅಂದಾರ.” ಆಮೇಲೆ ಮಮತಾ ಅವರ ಮೆಸೇಜಿನ ಕೊನೆಯ ಸಾಲನ್ನು ಓದಿದರು. ತಾನು ಮಾಡಿದ ತಪ್ಪನ್ನು ಆ ಹುಡುಗಿ ಹೇಳಿದ ರೀತಿ ನೋಡಿ, ಈ ಕೋಣೆಯಲ್ಲಿ ಮಕ್ಕಳು ನಿಜಕ್ಕೂ ಕಂಪ್ಯೂಟರ್ ಮುಟ್ಟುತ್ತಿದ್ದಾರೆ ಎಂದು ಗೊತ್ತಾಯಿತಂತೆ.

ಹೆಡ್‌ಮಾಸ್ಟರ್ ಹೋದ ಮೇಲೆ ಎಂಟೂ ಮಶೀನ್ ಆನ್ ಮಾಡಿದೆ. ಸುಮ್ಮನೆ. ಫ್ಯಾನುಗಳ ಸದ್ದು ಕೇಳಬೇಕಿತ್ತು. ಕರೆಂಟೂ ಇದೆ ಇವತ್ತು. ಇಷ್ಟೊಂದು ಒಳ್ಳೆಯದು ಒಂದೇ ದಿನ ಬಂದರೆ ಏನು ಮಾಡಬೇಕೆಂದು ನನಗೆ ತಿಳಿಯುವುದಿಲ್ಲ, ಅದಕ್ಕೇ ಬರೆಯುತ್ತ ಕೂತಿದ್ದೇನೆ. ಇದರಲ್ಲಿ ನನ್ನದೆಷ್ಟು ಎಂದು ಕೇಳಿಕೊಂಡೆ. ಸ್ವಲ್ಪವೇ ಅನ್ನಿಸಿತು, ಅದರಿಂದ ಹಗುರವೂ ಆಯಿತು.

ಬಾಗಿಲಲ್ಲಿ ಶಿವರಂಜನಿ. ಎಲ್ಲರಿಗಿಂತ ಮೊದಲು ಬಂದಿದ್ದಾಳೆ. ಇವತ್ತು ಬಂತೇನ್ರಿ ಅನ್ನಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಚೀಲ ಇನ್ನೂ ಹೆಗಲ ಮೇಲೇ ಇದೆ. ಇದನ್ನು ಬರೆದು ಮುಗಿಸುವವರೆಗೆ ಅವಳನ್ನು ಹಾಗೆ ನಿಲ್ಲಿಸುವುದು ಸರಿಯಲ್ಲ. ಮೊದಲು ಅವಳಿಗೆ —