ಕಿವಿ ಇಟ್ಟರೆ ಅಡಗುವ ಸದ್ದು

ಮೇ 3, ಶನಿವಾರ

ಸ್ಟಾರ್ಟ್ ಆಯಿತು. ಎಷ್ಟನೇ ಕಿಕ್ಕಿಗೋ ಎಣಿಸಲಿಲ್ಲ, ಬಲಮೊಣಕಾಲಿಗೆ ಗೊತ್ತು. ಗ್ಯಾರೇಜು ಪೂರ್ತಿ ನೀಲಿ ಹೊಗೆ. ಪಕ್ಕದ ಗ್ಯಾರೇಜಿನವರು ಬಾಗಿಲು ಎಳೆದುಕೊಂಡರು. ಮುಗುಳ್ನಕ್ಕೇ ಎಳೆದುಕೊಂಡರು — ಸ್ವೀಡನ್ನಿನ ಈ ಟ್ರೋಲ್‌ಹೆಟ್ಟನ್ ಊರಿನವರು ಬೈಯುವುದೂ ಹಾಗೆಯೇ.

1975ರ ಯಮಹಾ. ನಮ್ಮ ಕಡೆ ರಾಜ್‌ದೂತ್ 350 ಅಂತ ಬರುತ್ತಿತ್ತಲ್ಲ, ಅದರ ಅಣ್ಣ. ಯಾರದೋ ತೋಟದ ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಚಳಿಗಾಲವಿಡೀ ಬಿಚ್ಚಿ, ತೊಳೆದು, ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ... ಇವತ್ತು ಉಸಿರಾಡಿತು. ಖುಷಿಗೆ ಅಲ್ಲೇ ಕುಣಿದೆ. ಯಾರೂ ನೋಡಲಿಲ್ಲ ಅಂದುಕೊಂಡೆ. ಗಂಡ ನೋಡಿದ.

ಆದರೆ ಒಂದು ಸದ್ದು. ಐಡ್ಲಿಂಗ್‌ನಲ್ಲಿ ಇಲ್ಲ. ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿದರೆ ಝೇಂಯ್ ಅಂತ ಶುರು. ಇನ್ನೂ ತಿರುಗಿಸಿದರೆ ಮಾಯ. ಹೋದ ಬೇಸಿಗೆಯಲ್ಲಿ ಬೈಕ್ ತಂದ ದಿನ ಕೆಮ್ಮುತ್ತಾ ಎರಡು ನಿಮಿಷ ಓಡಿತ್ತು, ಆಗ ಇರಲಿಲ್ಲ ಇದು.

ವಿಮಾನದ ಎಂಜಿನ್ ಭಾಗಗಳ ಕಂಪನ ಅಳೆದೇ ಸಂಬಳ ತೆಗೆದುಕೊಳ್ಳುವವಳು ನಾನು. ಇದೆಷ್ಟರದು. ನಾಳೆ ಹಿಡಿಯುತ್ತೇನೆ.

ಮೇ 4, ಭಾನುವಾರ

ಹಿಡಿಯಲಿಲ್ಲ.

ತಿಂಡಿ ತಿನ್ನುವಾಗ ಇಳಾ ಫೋನಿನಿಂದ ತಲೆಯೆತ್ತದೆ ಕೇಳಿದಳು, “ಅಮ್ಮ, ಸ್ಟುಡೆಂಟನ್‌ಗೆ ನೀನು ಬೈಕಲ್ಲಿ ಬಂದು ನನ್ನ ಪಿಕ್ ಮಾಡ್ತೀಯಾ?”

ಸ್ಟುಡೆಂಟನ್ ಅಂದರೆ ಜೂನ್ ಐದು. ಹನ್ನೆರಡನೇ ಕ್ಲಾಸ್ ಮುಗಿಸಿದ ಮಕ್ಕಳೆಲ್ಲ ಬಿಳಿ ಟೋಪಿ ಹಾಕಿಕೊಂಡು ಶಾಲೆಯಿಂದ ಕೊನೆಯ ಸಲ ಓಡಿ ಬರುವ ದಿನ. ಹೊರಗೆ ಕಾದ ಮನೆಯವರು ಟ್ರಾಕ್ಟರೋ, ಕುದುರೆ ಗಾಡಿಯೋ, ಹಳೇ ಕಾರೋ, ಏನೋ ಒಂದರಲ್ಲಿ ಮೆರವಣಿಗೆ ಮಾಡಿ ಕರೆದುಕೊಂಡು ಹೋಗಬೇಕು. ಹೋದ ವರ್ಷ ಎದುರು ಮನೆ ಹುಡುಗ ಟ್ರೇಲರ್ ಮೇಲಿನ ದೋಣಿಯಲ್ಲಿ ಕೂತು ಬಂದಿದ್ದ.

ಹೂಂ ಅನ್ನಲು ಬಾಯಿ ತೆರೆದೆ. ಗೋಪಿ ದೋಸೆ ಮಗುಚುತ್ತಾ ಅಡ್ಡ ಬಂದ. “ಆ ಸದ್ದು ಏನು ಅಂತ ಗೊತ್ತಾಗೋ ತನಕ ನನ್ ಮಗಳು ಅದರ ಮೇಲೆ ಕೂರಲ್ಲ.”

“ನಂಗೂ ಮಗಳೇ ಅವ್ಳು.”

“ಹಾಗಾದ್ರೆ ನಿಂಗೇ ಜಾಸ್ತಿ ಭಯ ಇರ್ಬೇಕು, ವರ್ಷಾ.”

ಇದೆ. ಓಡುವಾಗ ಒಳಗೆ ಏನಾದರೂ ಮುರಿದು ಹಿಂದಿನ ಚಕ್ರ ಬಿಗಿದುಕೊಂಡರೆ... ಒಪ್ಪಿಕೊಂಡೆ. ಸದ್ದು ಸಿಗದಿದ್ದರೆ ಬೈಕಿಲ್ಲ.

ಇಳಾ ಆಗಸ್ಟಿನಲ್ಲಿ ಲುಲೆಯೊ ಯೂನಿವರ್ಸಿಟಿಗೆ ಹೊರಡುತ್ತಾಳೆ. ಟ್ರೈನಿನಲ್ಲಿ ಅಲ್ಲಿಗೆ ಹೋಗುವಷ್ಟರಲ್ಲಿ ವಿಮಾನದಲ್ಲಿ ಬೆಂಗಳೂರನ್ನೇ ತಲುಪಬಹುದೇನೋ, ಅಷ್ಟು ದೂರ. ಚಳಿಗಾಲದಲ್ಲಿ ಬೈಕ್ ಬಿಚ್ಚುವಾಗ ಜೊತೆಗಿದ್ದಳು, ಆಮೇಲೆ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ಮರೆತೇಬಿಟ್ಟಳು ಅಂದುಕೊಂಡಿದ್ದೆ. ಈಗ ತಾನಾಗಿ ಕೇಳಿದ್ದಾಳೆ. ನನಗೆ ಈ ಸವಾರಿ ಬೇಕು. ಅವಳಿಗಿಂತ ನನಗೆ ಬೇಕು.

ಮೇ 7, ಬುಧವಾರ

ಮಾಲ್ಮೋದಲ್ಲಿರುವ ತಮ್ಮ ಅವಿನಾಶನಿಗೆ ವಿಡಿಯೊ ಕಾಲ್. ಬೈಕ್ ಹುಚ್ಚು ಅವನಿಗೂ ಇದೆ. ಎಂಜಿನ್ ಪಕ್ಕ ಫೋನ್ ಹಿಡಿದೆ.

“ಅಕ್ಕ, ಮೊದ್ಲು ಸ್ಟಾರ್ಟ್ ಮಾಡು.”

“ಆಗಿದೆ ಕಣೋ.”

“ಏನೂ ಕೇಳಿಸ್ತಿಲ್ವಲ್ಲ. ನಿನ್ನ ಮಾತು ಮಾತ್ರ ಕ್ಲಿಯರ್ ಆಗಿದೆ.”

ಫೋನು ಮಹರಾಯ ಇಡೀ ಎಂಜಿನ್ನನ್ನೇ ಗಲಾಟೆ ಅಂತ ಸೋಸಿ ಬಿಸಾಕಿದೆ. ಹೊಗೆಯಲ್ಲಿ ಕೆಮ್ಮುತ್ತಾ ಅರಚುತ್ತಿದ್ದೆ ನಾನು. ಅವಿನಾಶ್ ಕೊನೆಗೆ, “ಎಂಜಿನ್ ಬೆಣ್ಣೆ ಥರ ಇದೆ ಅಕ್ಕ,” ಅಂದ.

ಮೇ 11, ಭಾನುವಾರ

ಹಳೇ ಮೆಕ್ಯಾನಿಕ್‌ಗಳ ವಿದ್ಯೆಗೆ ಬಂದೆ. ಒಂದು ಕೋಲು. ಒಂದು ತುದಿ ಎಂಜಿನ್ ಮೇಲೆ, ಇನ್ನೊಂದು ಕಿವಿಗೆ ಒತ್ತಿಕೊಂಡು ಕೇಳುವುದು. ಡಾಕ್ಟರು ಎದೆ ನೋಡಿದ ಹಾಗೆ. ಸರಿಯಾದ ಕೋಲು ಸಿಗಲಿಲ್ಲ, ಗೋಪಿಯ ಲಟ್ಟಣಿಗೆ ಸಿಕ್ಕಿತು. ಅಡುಗೆ ಮನೆ ಅವನದು, ಸಕ್ಕರೆ ಡಬ್ಬಿ ಎಲ್ಲಿದೆ ಅಂತಲೂ ನಾನು ಕೇಳಿಯೇ ತೆಗೆದುಕೊಳ್ಳಬೇಕು. ಲಟ್ಟಣಿಗೆ ಕೇಳದೆ ತಂದೆ.

ಕೆಳಗಡೆ ಇಟ್ಟೆ — ಬೇರಿಂಗ್ ಸುಖವಾಗಿದೆ. ಬಲಕ್ಕೆ ಕ್ಲಚ್ ಕಡೆ — ಗಿಯರಿನ ಗೊಣಗಾಟ, ಅದು ಇರಬೇಕಾದದ್ದೇ, ಜೊತೆಗೆ ದೂರದಲ್ಲಿ ಝೇಂಯ್. ಸಿಲಿಂಡರ್ ಮೇಲೆ ಇಟ್ಟೆ — ಝೇಂಯ್ ಇಲ್ಲವೇ ಇಲ್ಲ. ಹಾಗಾದರೆ ಸಿಲಿಂಡರ್ ನಿರಪರಾಧಿ. ಸೊಂಟ ಹಿಡಿದು ಎದ್ದು ನಿಂತೆ, ಮತ್ತೆ ಶುರು. ಬಗ್ಗಿದೆ, ಕಿವಿ ಇಟ್ಟೆ, ಬಂದ್. ಮೇಷ್ಟರು ಬಂದ ಕೂಡಲೇ ಗಪ್‌ಚಿಪ್ ಆಗುವ ಕ್ಲಾಸಿನ ಹಾಗೆ.

ತೀರ್ಮಾನ: ಕ್ಲಚ್. ಮುಂದಿನ ಶನಿವಾರ ಬಿಚ್ಚುವುದು.

ಮೇ 17, ಶನಿವಾರ

ಬಿಚ್ಚಿದೆ. ಕ್ಲಚ್ ಚಿನ್ನದ ಹಾಗಿದೆ. ಥೂ.

ಒಂದೇ ಲಾಭ, ಇಳಾ ಬಂದಳು. ಕಾಲು ಗಂಟೆಗೆ ಅಂತ ಬಂದವಳು ಸಂಜೆವರೆಗೂ ಟಾರ್ಚ್ ಹಿಡಿದು ನಿಂತಳು. ಬೋಲ್ಟ್ ಬಿಗಿ ಮಾಡುವಾಗ ನಾಲಿಗೆ ಆಚೆ ಹಾಕುತ್ತಾಳೆ, ನನ್ನ ಹಾಗೇ. ಲುಲೆಯೊದಲ್ಲಿ ಒಂದೇ ರೂಮು, ಅಡುಗೆ ಮನೆ ಆರು ಜನಕ್ಕೆ ಸೇರಿ ಒಂದಂತೆ. “ಸೋ ಕೂಲ್,” ಅಂದಳು. ಕೂಲೇ. ನಾನೂ ಕೂಲ್ ಅಂದೆ. ಕಣ್ಣೊರೆಸಿಕೊಂಡು, ಪೆಟ್ರೋಲ್ ವಾಸನೆ ಅಂತ ಹೇಳಿದೆ.

ಮನೆಯಲ್ಲಿ ಗೋಪಿ ಗಾಜಿನ ಬಾಟಲಿಯಲ್ಲಿ ಚಪಾತಿ ಲಟ್ಟಿಸುತ್ತಿದ್ದ. ಚಪಾತಿ ಭಾರತದ ಭೂಪಟದ ಆಕಾರದಲ್ಲಿತ್ತು.

ಮೇ 29, ಗುರುವಾರ

ರಜೆ. ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಸಿಟ್ಟಿತ್ತು, ಅಷ್ಟೇ.

ಪೂರ್ತಿ ಎಂಜಿನ್ ಮತ್ತೆ ಇಳಿಸಿದೆ. ಪಿಸ್ಟನ್, ಪಿನ್, ಬೇರಿಂಗ್... ಎಲ್ಲ ಅಳೆದೆ, ಎಲ್ಲ ಸರಿ. ಮತ್ತೆ ಜೋಡಿಸಿದೆ. ಕಿಕ್. ಝೇಂಯ್.

ನಿನ್ನೆ ಆಫೀಸಿನಲ್ಲಿ ಫಿಕಾಗೆ, ಅದೇ ಕಾಫಿ ವಿರಾಮಕ್ಕೆ, ಕೂತಾಗ ನನ್ನ ಮುಖ ನೋಡಿಯೇ ಸಹೋದ್ಯೋಗಿ ಲೆನ್ನಾರ್ಟ್ ಮೆರವಣಿಗೆಗೆ ತನ್ನ ಟ್ರಾಕ್ಟರ್ ಕೊಡುತ್ತೇನೆ ಅಂದ. ಒಳ್ಳೆಯವನು. ಬರ್ಚ್ ಮರದ ಕೊಂಬೆ ಕಟ್ಟಿ ಸಿಂಗರಿಸಿಯೂ ಕೊಡುತ್ತಾನಂತೆ. ಗೋಪಿ ಆಗಲೇ ಒಪ್ಪಿಕೊಂಡಿದ್ದಾನೆ. ಇಳಾಗೆ ಹೇಳಿದೆ. ಪರವಾಗಿಲ್ಲ, ಟ್ರಾಕ್ಟರೂ ಚೆನ್ನಾಗಿರುತ್ತೆ ಅಂತ ಸ್ವೀಡಿಷ್‌ನಲ್ಲಿ ಹೇಳಿ ರೂಮಿಗೆ ಹೋದಳು. ಬೇಜಾರಾದಾಗ ಅವಳಿಗೆ ಕನ್ನಡ ಬರುವುದಿಲ್ಲ.

ಮೇ 31, ಶನಿವಾರ

ಸಿಕ್ಕಿತು. ಸಿಕ್ಕಿತು ಸಿಕ್ಕಿತು.

ಬೆಳಿಗ್ಗೆ ಸುಮ್ಮನೆ ಸ್ಟಾರ್ಟ್ ಮಾಡಿ ಒಂದು ಕೈಯಲ್ಲಿ ಆಕ್ಸಿಲರೇಟರ್ ಹಿಡಿದು ನಿಂತಿದ್ದೆ. ಲಟ್ಟಣಿಗೆ ಸಿಲಿಂಡರಿಗೆ ಒರಗಿಸಿ ಇಟ್ಟಿತ್ತು. ಸದ್ದಿಲ್ಲ. ಇವತ್ತೇಕೋ ಇಲ್ಲ ಅಂದುಕೊಳ್ಳುತ್ತಿದ್ದೆ. ಗೋಪಿ ಒಳಗೆ ಬಂದ. ಇಳಾಳ ಸ್ಟುಡೆಂಟನ್ ಪಾರ್ಟಿಗೆ ಪೂರಿ ಮಾಡಬೇಕು, ಬಾಟಲಿಯಲ್ಲಿ ಆಗಲ್ಲ, ಅಂತ ಲಟ್ಟಣಿಗೆ ಎತ್ತಿಕೊಂಡ.

ಝೇಂಯ್.

“ನಾನೇನೂ ಮುಟ್ಟಿಲ್ಲಪ್ಪ.”

“ವಾಪಸ್ ಇಡು.”

ಇಟ್ಟ. ನಿಂತಿತು.

“ತೆಗಿ.”

ತೆಗೆದ. ಝೇಂಯ್.

“ಇಡು.”

“ತಮಾಷೆ ಮಾಡ್ತಿದೀಯಾ?”

ತಮಾಷೆಯೇ. ನನ್ನ ಮೇಲೆ. ಸಿಲಿಂಡರ್ ಸುತ್ತ, ಗಾಳಿಗೆ ತಣ್ಣಗಾಗಲಿ ಅಂತ ಇರುತ್ತವಲ್ಲ ತೆಳು ರೆಕ್ಕೆಗಳು, ಆ ಫಿನ್‌ಗಳೇ ಗುಂಯ್‌ಗುಡುತ್ತಿದ್ದವು. ನಾನು ಕೇಳಲು ಲಟ್ಟಣಿಗೆ ಒತ್ತಿದ ಕೂಡಲೇ ಅದುರುವುದು ನಿಲ್ಲುತ್ತಿತ್ತು. ಮುಟ್ಟಿ ಸುಮ್ಮನಾಗಿಸಿದವಳೂ ನಾನೇ, ಸುಮ್ಮನಿದೆ ಅಂತ ಬಿಟ್ಟುಬಿಟ್ಟವಳೂ ನಾನೇ. ಒಳಗೆ ಏನೂ ಕೆಟ್ಟಿಲ್ಲ. ಏನೂ ಮುರಿಯುವುದಿಲ್ಲ.

ಬೈಕ್ ತಂದ ದಿನದ ಫೋಟೊ ತೆಗೆದು ನೋಡಿದೆ. ಫಿನ್‌ಗಳ ಮಧ್ಯೆ ಕಪ್ಪಗೆ ರಬ್ಬರ್ ತುಣುಕುಗಳು, ಅದುರದ ಹಾಗೆ ಸಿಕ್ಕಿಸಿದವು. ಈಗ ಒಂದೂ ಇಲ್ಲ. ಫೋಟೊ ಗೋಪಿಗೆ ತೋರಿಸಿದೆ. ಅವನ ಮುಖ ಇಳಿಯಿತು.

“ಆ ಕಪ್ಪು ಕಪ್ಪು ಚೂರುಗಳಾ? ಕೊಳೆ ಹಿಡಿದಿತ್ತು... ಆಯುಧ ಪೂಜೆಗೆ ತೊಳೆಯೋವಾಗ ಕಿತ್ತೆ.”

“ಕಿತ್ತು?”

“ರೀಸೈಕ್ಲಿಂಗ್‌ಗೆ ಹಾಕ್ದೆ. ರಬ್ಬರನ್ನ ಬೇರೆ ಮಾಡಿನೇ ಹಾಕ್ದೆ.”

ಅದರಲ್ಲೇನೂ ಅನುಮಾನವಿಲ್ಲ. ಹಾಲಿನ ಪ್ಯಾಕೆಟ್ಟನ್ನೂ ತೊಳೆದು, ಒಣಗಿಸಿ, ಮಡಚಿ ಹಾಕುವ ಮನುಷ್ಯ. ಬೈಯೋಣ ಅಂದರೆ ಬಾಯಿ ಬರಲಿಲ್ಲ. ಅವನು ಕಿತ್ತ, ಸರಿ. ಅವಿಲ್ಲದೆ ಜೋಡಿಸಿದವಳು ಕಂಪನದ ಪಂಡಿತೆ. ಇಬ್ಬರೂ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು.

ಜೂನ್ 1, ಭಾನುವಾರ

ರಬ್ಬರ್ ಆರ್ಡರ್ ಮಾಡಿದರೆ ಬರುವುದು ಹತ್ತನೇ ತಾರೀಖಿಗೆ. ಗೋಪಿ ಅಟ್ಟದ ಪೆಟ್ಟಿಗೆ ಕೆದಕಿ ಎರಡು ಕುಕ್ಕರ್ ಗ್ಯಾಸ್ಕೆಟ್ ತಂದು ಮುಂದಿಟ್ಟ. ಹೊಸವು, ದಾವಣಗೆರೆಯಿಂದ ತಂದು ಜೋಪಾನ ಮಾಡಿದ್ದವು. ಇಲ್ಲಿ ಆ ಅಳತೆಯದು ಸಿಗುವುದಿಲ್ಲ. ಅವನಿಗೆ ಇದು ಸಣ್ಣ ತ್ಯಾಗವಲ್ಲ.

“ಬಿಸಿ ತಡಿಯುತ್ತೆ. ಕಟ್ ಮಾಡು,” ಅಂದ.

ಇಳಾ ಕತ್ತರಿಸಿದಳು, ನಾನು ಫಿನ್‌ಗಳ ಮಧ್ಯೆ ತುರುಕಿದೆ. ಕಿಕ್. ಸದ್ದಿಲ್ಲ. ಗೋಪಿ ಕಣ್ಣು ಮುಚ್ಚಿ, ಕೈ ಕಟ್ಟಿ, ಪರೀಕ್ಷಕನ ಹಾಗೆ ಕೇಳಿದ.

“ಪಾಸ್,” ಅಂದ. ಇಳಾ ಅವನ ಕೊರಳಿಗೆ ಜೋತುಬಿದ್ದಳು. ಲೆನ್ನಾರ್ಟ್‌ಗೆ ಟ್ರಾಕ್ಟರ್ ಬೇಡ ಅಂತ ಮೆಸೇಜ್.

ಜೂನ್ 5, ಗುರುವಾರ. ಬೆಳಿಗ್ಗೆ

ಬಿಸಿಲು. ಹ್ಯಾಂಡಲ್‌ಗೆ ನೀಲಿ ಹಳದಿ ರಿಬ್ಬನ್. ಮಗುವಾಗಿದ್ದಾಗಿನ ಫೋಟೊ ಬೋರ್ಡಿಗೆ ಅಂಟಿಸಿ ಹಿಡಿದು ನಿಲ್ಲುವುದು ಇಲ್ಲಿನ ಪದ್ಧತಿ. ಗೋಪಿ ಆರಿಸಿರುವುದು ಧರ್ಮಸ್ಥಳದಲ್ಲಿ ಮುಡಿ ಕೊಟ್ಟ ದಿನದ್ದು — ಬೋಡು ತಲೆ, ಗಂಧ, ಬಾಯಿ ತುಂಬ ಅಳು. ಇಳಾಗೆ ಇನ್ನೂ ತೋರಿಸಿಲ್ಲ. ಅವಿನಾಶ್ ಬಂದಾಯಿತು. ಹೊರಟೆ.

ಸಂಜೆ

ಮಹಡಿ ರೂಮಿನಲ್ಲಿದ್ದೇನೆ. ಕೆಳಗೆ ಅವಿನಾಶ್ ಅತಿಥಿಗಳನ್ನು ಕಳಿಸುತ್ತಿದ್ದಾನೆ. ಮರೆಯುವ ಮುಂಚೆ ಬರೆಯಬೇಕು.

ಓಡಿ ಬಂದಳು. ಬೋಡು ತಲೆ ನೋಡಿ ಅಪ್ಪನಿಗೆ ಒಂದು ಗುದ್ದಿ, ಟೋಪಿ ಜಾಕೆಟ್ಟಿನೊಳಗೆ ಸೇರಿಸಿ, ಹೆಲ್ಮೆಟ್ ಹಾಕಿ ಹಿಂದೆ ಹತ್ತಿದಳು. ಅವಳ ಗೆಳತಿಯರು ಸಿಳ್ಳೆ ಹೊಡೆದರು. ಎಂಜಿನ್ ಏನು ಹಾಡಿತು ಅಂತೀಯಾ.

ಸೇತುವೆ ದಾಟುವಾಗ ಒಂದು ಹೊಸ ಸದ್ದು. ಸಣ್ಣಗೆ, ತಡೆದು ತಡೆದು. ವೇಗ ಇಳಿಸಿದೆ, ಇತ್ತು. ಕ್ಲಚ್ ಒತ್ತಿದೆ, ಇತ್ತು. ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ನಿಲ್ಲಲಿಲ್ಲ.

ಇಳಾ ನನ್ನ ಬೆನ್ನಿಗೆ ಹೆಲ್ಮೆಟ್ ಒತ್ತಿಕೊಂಡು ಅಳುತ್ತಿದ್ದಳು.

ತಿರುಗಲಿಲ್ಲ. ತಿರುಗಿದ್ದರೆ ನನ್ನ ಮುಖ ಕಾಣುತ್ತಿತ್ತು. ಸೊಂಟದ ಸುತ್ತ ಇದ್ದ ಅವಳ ಕೈ ಮೇಲೆ ಕೈ ಇಟ್ಟುಕೊಂಡು ಕೂತೆ. ಆಮೇಲೆ ಮೂಗೆಳೆದು, “ಈಗ್ಲೇ ಮನೆಗೆ ಬೇಡ ಅಮ್ಮ,” ಅಂದಳು. ಮನೆ ಎಡಕ್ಕೆ, ನಾನು ಬಲಕ್ಕೆ ತಿರುಗಿಸಿದೆ. ನದಿ ಪಕ್ಕದ ರಸ್ತೆ, ಪೆಟ್ರೋಲ್ ಮುಗಿಯುವ ತನಕ ಅಂತ ಹೇಳಬಹುದು. ಮನೆಯಲ್ಲಿ ಜನ ಕಾಯುತ್ತಿದ್ದರು, ಪೂರಿ ಆರುತ್ತಿತ್ತು, ಗೋಪಿಯ ಕಾಲ್‌ಗಳಿಗೆ ನನ್ನ ಜೇಬಿನ ಫೋನು ಅದುರುತ್ತಲೇ ಇತ್ತು.

ಪೆಟ್ರೋಲ್ ಬಂಕಿನಲ್ಲಿ ಹೆಲ್ಮೆಟ್ ತೆಗೆದು ಹೇಳಿದಳು, “ಆಗಸ್ಟಲ್ಲಿ ಲುಲೆಯೊಗೆ ಇದ್ರಲ್ಲೇ ಬಿಟ್ಟು ಬಾ. ಸಾಮಾನು ಬೇಕಾದ್ರೆ ಅಪ್ಪನ ಜೊತೆ ಟ್ರೈನಲ್ಲಿ ಬರ್ಲಿ.”

ಐವತ್ತು ವರ್ಷದ ಬೈಕು. ಸಾವಿರದ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಆಯಿತು ಅಂದೆ. ಯೋಚಿಸಲೇ ಇಲ್ಲ. ಇಷ್ಟು ಸಂತೋಷ ಆಗಿ ಎಷ್ಟು ಕಾಲವಾಯಿತು.

ಗೋಪಿಗೆ ಇನ್ನೂ ಹೇಳಿಲ್ಲ. ರಾತ್ರಿ ಊಟ ಆದ ಮೇಲೆ, ನಿಧಾನಕ್ಕೆ, ನಾನೇ ಹೇಳುತ್ತೇನೆ ಅಂತ ಇಳಾಗೆ ಹೇಳಿದ್ದೆ. ಅಪ್ಪ ಮಗಳು ಇಬ್ಬರೂ ಕೆಳಗೆ ಪಾತ್ರೆ ತೊಳೆಯುತ್ತಿದ್ದಾರೆ. ಏನೋ ಮಾತು, ನಗು. ಈಗ ನಲ್ಲಿ ನಿಂತಿತು. ಮಾತೂ ನಿಂತಿತು. ಇಳಾ ಹೇಳೇಬಿಟ್ಟಳೇನೋ. ಮೆಟ್ಟಿಲ ಮೇಲೆ ಯಾರೋ—