ಒಂದೇ ಕೈಯ ಕಾರು

ಅಪ್ಪಾ,

ನಿನ್ನ ಕೆಂಪು ಸ್ಪೋರ್ಟ್ಸ್ ಕಾರನ್ನು ಹೇಗೆ ಮಾರುವುದೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಚಿಕ್ಕಪ್ಪ ಹರಾಜಿಗೆ ಹಾಕು ಎಂದ. ಬ್ರೋಕರ್ ಹೊಸ ಬಣ್ಣ ಹೊಡೆಸಬೇಡಿ, ಹಳೆಯದಕ್ಕೇ ಬೆಲೆ ಎಂದ. ತಲೆ ಚಿಟ್ಟು ಹಿಡಿದು ನಾನೇ ಜಾಹೀರಾತು ಕೊಟ್ಟೆ: "ಒಂದೇ ಕೈಯಲ್ಲಿ ಓಡಿದ ಕಾರು." ನೀನು ಯಾರಿಗೂ ಕೀಲಿ ಕೊಟ್ಟವನಲ್ಲವಲ್ಲ.

ಇವತ್ತು ಒಬ್ಬರು ನೋಡಲು ಬಂದರು. ನಿನ್ನಷ್ಟೇ ಎತ್ತರ. ಕೂರಲು ಹೋದರೆ ಮಂಡಿ ಸ್ಟಿಯರಿಂಗಿಗೆ ಸಿಕ್ಕಿಕೊಂಡಿತು.

"ಒಂದೇ ಕೈ ಅಂತೀರಿ, ನಿಮ್ಮ ತಂದೆ ಇಷ್ಟು ಕುಳ್ಳಗಿದ್ರಾ?" ಎಂದು ನಕ್ಕರು.

ಸೀಟು ಹಿಂದಕ್ಕೆ ತಳ್ಳಿದೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ನಿನ್ನ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಅದಾ ಮೇಡಂ? ಸಾಹೇಬ್ರು ತೀರ್ಕೊಳ್ಳೋಕೆ ಸ್ವಲ್ಪ ಮುಂಚೆ ಮುಂದಕ್ಕೆ ಮಾಡಿಸಿದ್ರು. ಮಗಳು ರಜಕ್ಕೆ ಬರ್ತಾಳೆ, ಓಡಿಸೋದು ಕಲಿಸ್ತೀನಿ, ಅವಳ ಕಾಲು ಎಟುಕ್ಬೇಕು ಅಂದ್ರು. ಆಮೇಲೆ ಯಾರೂ ಮುಟ್ಟಿಲ್ಲ, ತುಕ್ಕು ಹಿಡಿದಿರುತ್ತೆ."

ಆ ರಜೆಯಲ್ಲಿ ನಾನು ಎಲ್ಲಿದ್ದೆ ಎಂದು ಅವನು ಕೇಳಲಿಲ್ಲ.

ಬಂದವರನ್ನು ನಾಳೆ ಬನ್ನಿ ಎಂದು ಸಾಗಹಾಕಿದೆ. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕೀಲಿ ಹಿಡಿದು ಹೋಗಿ ಕಾರಿನಲ್ಲಿ ಕೂತೆ. ಕ್ಲಚ್ಚು, ಬ್ರೇಕು ಎರಡೂ ಅಳತೆ ತೆಗೆದಂತೆ ಕಾಲಿಗೆ ಎಟುಕಿದವು. ಬೀದಿಯ ಕೊನೆಯವರೆಗೆ ಹೋಗಿ ಬಂದೆ. ಗೇರಿಲ್ಲದ ಕಾರಿಗೆ ಒಗ್ಗಿದವಳು ನಾನು, ಎಂಜಿನ್ ಮತ್ತೆ ಮತ್ತೆ ನಿಂತುಹೋಯಿತು. ಪಕ್ಕದಲ್ಲಿ ಕೂತು ಬಯ್ಯುವವರು ಯಾರೂ ಇರಲಿಲ್ಲ.

ಜಾಹೀರಾತು ತಿದ್ದಬೇಕು, ಅಪ್ಪಾ. ಇನ್ನು ಒಂದೇ ಕೈ ಎಂದರೆ ಸುಳ್ಳಾಗುತ್ತದೆ.