ಹದಿನಾಲ್ಕು ತುಂಬಿದವಳಿಗೆ ಕೊನೆಯ ತರಗತಿ

ಊರಿನ ಮಕ್ಕಳು ಯಾವ ತರಗತಿಯಲ್ಲಿ ಕೂರಬೇಕೆಂದು ನಿರ್ಧರಿಸುವ ಶಿಕ್ಷಣ ಮಂಡಳಿಯ ಮುಖ್ಯಸ್ಥರೇ,

ನಿಮ್ಮ ಸಮಾನತೆ ನನ್ನ ಮಗಳ ಎರಡು ಹಲ್ಲು ಮುರಿದಿದೆ. ಇನ್ನೊಬ್ಬರ ಮಗನ ಬಲಗೈಯನ್ನೂ ಮುರಿದಿದೆ. ಆದ್ದರಿಂದ ಈ ಪತ್ರ ನಿಮ್ಮ ಮೇಜಿಗಲ್ಲ, ಪತ್ರಿಕೆಗೆ.

ನಾನು ಇಲ್ಲಿನ ಕಾರ್ಖಾನೆಯಲ್ಲಿ ಕಾರಿನ ಸೀಟುಗಳ ಕಬ್ಬಿಣ ಬೆಸೆಯುವವನು. ಸೆಪ್ಟೆಂಬರಿನಲ್ಲಿ ಮಗಳು ಜಂದಿರಾಳನ್ನು ಬ್ರೆಜಿಲ್‌ನಿಂದ ಜಪಾನಿಗೆ ಕರೆಸಿಕೊಂಡೆ. ವಯಸ್ಸು ಹದಿನಾಲ್ಕು, ಇಲ್ಲಿಂದ ಬ್ರೆಜಿಲ್‌ಗೆ ವಲಸೆ ಹೋದ ನನ್ನ ಅಜ್ಜನ ಜಪಾನಿ ಭಾಷೆ ಅವಳಿಗೆ ಒಂದಕ್ಷರವೂ ಬಾರದು. ಮೂರು ವರ್ಷದ ಮಾಧ್ಯಮಿಕ ಶಾಲೆಯ ಮೊದಲ ವರ್ಷಕ್ಕೆ ಸೇರಿಸಿ, ಕಲಿಯಲು ಕಾಲವಾದರೂ ಸಿಕ್ಕೀತು ಎಂದು ಬೇಡಿದೆ. ನೀವು ನಸುನಕ್ಕಿರಿ.

“ವಯಸ್ಸಿಗೆ ತಕ್ಕ ತರಗತಿ, ನಕಸೋನೆ ಅವರೇ. ನಮ್ಮ ಮಕ್ಕಳಿಗೊಂದು, ನಿಮ್ಮ ಮಕ್ಕಳಿಗೊಂದು ಅಂತ ಭೇದ ಮಾಡೋಕಾಗಲ್ಲ.”

ಎಂಥ ವಿಶಾಲ ಹೃದಯ ನಿಮ್ಮದು. ಪ್ರೌಢಶಾಲೆಯ ಪ್ರವೇಶ ಪರೀಕ್ಷೆಗೆ ಎಲ್ಲರೂ ಊಟ ನಿದ್ದೆ ಬಿಟ್ಟು ಓದುತ್ತಿರುವ ಕೊನೆಯ ವರ್ಷದಲ್ಲಿ ಅವಳನ್ನು ಕೂರಿಸಿದಿರಿ. ಭಾಷೆ ಕಲಿಸುವ ಶಿಕ್ಷಕರನ್ನು ಕೊಟ್ಟಿರೇ? ಇಲ್ಲ. ಪಕ್ಕದ ಮೇಜಿನ ಹರುಮ ಕುವಬಾರ ಎಂಬ ಹುಡುಗನ ಹೆಗಲಿಗೆ ಅವಳನ್ನು ಕಟ್ಟಿದಿರಿ. ಪ್ರತಿ ಪಾಠವನ್ನೂ ಅವಳಿಗೆ ಬಿಡಿಸಿ ಹೇಳುತ್ತ ಅವನ ಅಂಕಗಳೇ ನೆಲಕಚ್ಚಿದವು. ಡಿಸೆಂಬರಿನ ಒಂದು ಮಧ್ಯಾಹ್ನ, ಮಕ್ಕಳು ತರಗತಿ ಗುಡಿಸುವ ಹೊತ್ತಿನಲ್ಲಿ, ಅವನು ಅವಳ ಜುಟ್ಟು ಹಿಡಿದು, ಅಂದಿನ ಪಾಠ ಬರೆದಿದ್ದ ಕಪ್ಪುಹಲಗೆಯ ಬಳಿಗೆ ಎಳೆದೊಯ್ದ.

“ಓದು. ನಿನ್ನಿಂದ ನಾನು ಹಾಳಾದೆ. ಇದೊಂದನ್ನಾದ್ರೂ ಓದು.”

ಅವಳಿಗೆ ಓದಲು ಬರಲಿಲ್ಲ. ಅವಳ ಮುಖವನ್ನು ಹಲಗೆಗೆ ಅಪ್ಪಳಿಸಿದ. ಮತ್ತೆ ಓದು ಎಂದ, ಮತ್ತೆ ಅಪ್ಪಳಿಸಿದ. ಹಲ್ಲು ಮುರಿದು ಬಾಯಿ ತುಂಬ ರಕ್ತ ಬಂದಾಗ ನೆಲ ಒರೆಸುವ ಕೋಲು ಅವಳ ಕೈಗೆ ಸಿಕ್ಕಿತು. ಅವನು ಬಿದ್ದ ಮೇಲೂ ಹೊಡೆದಳು. ಮೂಳೆ ಮುರಿದ ಸದ್ದು ಕೇಳಿದ ಮೇಲೂ ಹೊಡೆದಳು. ನಾನು ಮುಚ್ಚಿಡುವುದಿಲ್ಲ, ಅವಳೇ ಹೇಳಿದಳು: “ಅಪ್ಪ, ನಿಲ್ಲಿಸ್ಬೇಕು ಅಂತ ಅನ್ನಿಸ್ಲೇ ಇಲ್ಲ.”

ಮರುದಿನ ನೀವು ನನ್ನನ್ನು ಕರೆಸಿದಿರಿ. “ಪರದೇಶದ ಮಕ್ಕಳಿಗೆ ಶಾಲೆ ಕಡ್ಡಾಯ ಏನಲ್ಲ. ನೀವಾಗೇ ಬಿಡಿಸ್ಕೊಂಡ್ರೆ ಎಲ್ಲರಿಗೂ ಕ್ಷೇಮ.” ಸೇರಿಸುವಾಗ ನಿಮ್ಮ ಮಕ್ಕಳಿಗೆ ಸಮನಾಗಿದ್ದವಳು ಹೊರದಬ್ಬುವಾಗ ಪರದೇಶದವಳಾದದ್ದು ಹೇಗೆ, ಮಾನ್ಯರೇ?

ಕ್ಷಮೆ ಕೇಳಲು ಆಸ್ಪತ್ರೆಗೆ ಹೋದೆ. ಹರುಮನ ತಾಯಿ ನನಗಿಂತ ಮೊದಲೇ ಸೊಂಟ ಬಾಗಿಸಿದರು.

“ಮೊದಲು ಕೈ ಮಾಡಿದ್ದು ನನ್ನ ಮಗನೇ. ಆದ್ರೆ ಹದಿನೈದರ ಹುಡುಗನ್ನ ಮೇಷ್ಟ್ರು ಮಾಡಿದ್ದು ಯಾರು? ಈ ಕೈಲಿ ಈಗ ಪರೀಕ್ಷೆ ಹೇಗೆ ಬರೀತಾನೆ?”

ಆ ಎರಡೂ ಪ್ರಶ್ನೆ ನಿಮಗೆ ಸಲ್ಲಬೇಕಾದವು. ಉತ್ತರ ನಿಮ್ಮಲ್ಲಿದೆಯೇ?

ಮಾರ್ಚಿಗೆ ಶಾಲೆಯ ವರ್ಷ ಮುಗಿದರೆ, ಹದಿನೈದು ತುಂಬಿತು, ಮಾಧ್ಯಮಿಕ ಶಾಲೆಯ ವಯಸ್ಸು ಮೀರಿತೆಂದು ಬಾಗಿಲು ಹಾಕುತ್ತೀರಿ. ಆದ್ದರಿಂದ ಬರುವ ಸೋಮವಾರವೇ ಜಂದಿರಾಳನ್ನು ಮೊದಲ ವರ್ಷಕ್ಕೆ ಸೇರಿಸಿಕೊಳ್ಳಿ. ಭಾಷೆ ಕಲಿಸುವ ಶಿಕ್ಷಕರೊಬ್ಬರನ್ನು ಕೊಡಿ. ಹರುಮನಿಗೆ ಕೈ ಕೂಡಿದ ಮೇಲೆ ಪರೀಕ್ಷೆ ಬರೆಯುವ ಅವಕಾಶ ಕೊಡಿಸಿ. ಇಲ್ಲವಾದರೆ ಸೋಮವಾರ ಬೆಳಿಗ್ಗೆ ಮಗಳ ಕೈಹಿಡಿದು ನಾನೇ ಶಾಲೆಯ ಬಾಗಿಲಲ್ಲಿ ನಿಂತಿರುತ್ತೇನೆ. ಹರುಮನ ತಾಯಿಯೂ ಬರುತ್ತೇನೆಂದಿದ್ದಾರೆ.

ಇಂತಿ,
ತೆರಿಗೆ ಕಟ್ಟುವ ದಿನ ಮಾತ್ರ ಈ ಊರಿನವನಾಗುವ
ಎಡಿಲ್ಸನ್ ನಕಸೋನೆ